ಕೊರಳಿನೊಳಗಿನ ಕಿವಿ

ಹಲಗೆ ಒರೆಸುತ್ತಿದ್ದ ಅಟೆಂಡರ್ ಮುಖ ತಿರುಗಿಸದೆಯೇ ಹೇಳಿದ: "ಸಾರ್, ಈ ಬೀಪಿ ಅಂದ್ರೆ ಏನು ಅಂತ ನಂಗೆ ಹೋದ ಶನಿವಾರ ಅರ್ಥ ಆಯ್ತು ನೋಡಿ."

ಹಾಜರಿ ಪುಸ್ತಕ ಮುಚ್ಚುತ್ತಿದ್ದ ಅಧ್ಯಾಪಕನ ಕೈ ಅಲ್ಲೇ ನಿಂತಿತು. ಈ ಅಟೆಂಡರ್ ಇಪ್ಪತ್ತೆರಡು ವರ್ಷದಿಂದ ಇದೇ ಕೋಣೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಪ್ರತಿವರ್ಷ ಹೊಸದಾಗಿ ಬರುವ ವೈದ್ಯಕೀಯ ವಿದ್ಯಾರ್ಥಿಗಳ ಜೊತೆಗೇ ರಕ್ತದೊತ್ತಡದ ಹನ್ನೊಂದು ಪಾಠಗಳನ್ನು ಕೇಳಿಸಿಕೊಂಡವನು. ಲೆಕ್ಕ ಹಾಕಿದರೆ ವಿಭಾಗದ ಮುಖ್ಯಸ್ಥರಿಗಿಂತ ಹೆಚ್ಚು ಸಲ ಕೇಳಿದ್ದಾನೆ. ಹುಡುಗರು ಅಧ್ಯಾಪಕನಿಗೆ ಬೆನ್ನ ಹಿಂದೆ 'ಪ್ರೆಶರ್ ಮೇಷ್ಟ್ರು' ಅನ್ನುತ್ತಿದ್ದರು. ಆ ಹೆಸರಿನಲ್ಲಿ ತಮಾಷೆಗಿಂತ ಹೆಚ್ಚು ಗೌರವವಿದೆ ಎಂದು ಅವನು ಬಹಳ ಹಿಂದೆಯೇ ತೀರ್ಮಾನಿಸಿಕೊಂಡಿದ್ದ. "ಯಾರು ಅರ್ಥ ಮಾಡಿಸಿದ್ರು?" ಎಂದು ಕೇಳಿದ. ದನಿ ಹಗುರವಾಗಿರಲಿ ಎಂದು ಪ್ರಯತ್ನಪಟ್ಟದ್ದು ಅವನಿಗೇ ಕೇಳಿಸಿತು.

"ಅದೇ ಸಾರ್, ಗ್ರಂಥಾಲಯದ ಮಹಡೀಲಿ ಮಾತಾಡ್ತಾರಲ್ಲ, ಹೃದಯದ ಡಾಕ್ಟ್ರು. ನಿಮ್ಮ ಶಿಷ್ಯರೇ ಅಂತೆ. ಏನು ಮಾತು ಸಾರ್! ದೇವರು ನಮ್ಮ ಕತ್ತಲ್ಲಿ ಒಂದು ಕಿವಿ ಇಟ್ಟಿದಾನೆ ಅಂದ್ರು. ಕತ್ತು ಮುಟ್ಟಿ ನೋಡ್ಕೊಂಡ್ರೆ ಡಬ್ ಡಬ್ ಅಂತಿತ್ತು. ಮೈ ಜುಮ್ಮಂತು." ಅಟೆಂಡರ್ ಡಸ್ಟರನ್ನು ಕಿಟಕಿಯ ಆಚೆ ಕೊಡವಿದ. "ಇವತ್ತು ಕೊನೇದಂತೆ. ಬನ್ನಿ ಸಾರ್ ನೀವೂ. ಹೆಂಗೂ ಅಮ್ಮನೋರು ಬಂದಿರ್ತಾರೆ. ಮುಂದಿನ ಸಾಲು ಅವರದ್ದೇ."

ಕತ್ತಿನ ಮುಖ್ಯ ರಕ್ತನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ಗೋಡೆ ಕೊಂಚ ಉಬ್ಬಿಕೊಂಡಿರುತ್ತದೆ. ಆ ಉಬ್ಬಿನಲ್ಲಿ ನರದ ತುದಿಗಳು ಹುದುಗಿರುತ್ತವೆ. ಗೋಡೆ ಹಿಗ್ಗಿದಷ್ಟೂ ಅವು ಮಿದುಳಿನ ಬುಡಕ್ಕೆ ವರದಿ ಕಳಿಸುತ್ತವೆ. ಇದನ್ನು ಅವನು ಬಿಳಿ ಸೀಮೆಸುಣ್ಣದಲ್ಲಿ, ಕೆಂಪು ಬಾಣದ ಗುರುತಿನೊಂದಿಗೆ, ಸಾವಿರಾರು ಮಂದಿಗೆ ಬರೆದು ತೋರಿಸಿದ್ದ. 'ಕಿವಿ' ಎಂಬ ಮಾತು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಬಳಸುತ್ತಿರಲಿಲ್ಲ, ಅದು ಕಿವಿಯಲ್ಲ, ಎಂದು ಮೆಟ್ಟಿಲಿಳಿಯುತ್ತ ಅಂದುಕೊಂಡ. ಇಳಿದು ಅರ್ಧ ದಾರಿಗೆ ಬಂದ ಮೇಲೆಯೇ ಅಟೆಂಡರನ ಕೊನೆಯ ಮಾತು ಒಳಗೆ ಹೋಯಿತು. ಮುಂದಿನ ಸಾಲು ಅವರದ್ದೇ. ಹಾಗಾದರೆ ಒಂದು ಸಲವಲ್ಲ, ಎರಡು ಸಲವಲ್ಲ. ಸಾಲು ತನ್ನದಾಗುವಷ್ಟು ಸಲ. ಅವನ ಹೆಂಡತಿ ಅದೇ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಶನಿವಾರಗಳಂದು ಮನೆಗೆ ಬರುವುದು ತಡವಾಗುತ್ತಿತ್ತು. ಯಾಕೆ ತಡ ಎಂದು ಅವನು ಕೇಳಿರಲಿಲ್ಲ. ಆದ್ದರಿಂದ ಅವಳು ಸುಳ್ಳು ಹೇಳಿದಳು ಎನ್ನುವ ಹಾಗೂ ಇರಲಿಲ್ಲ. ಮೋಸ ಹೋದವನ ಸಿಟ್ಟಿಗೂ ತನಗೆ ಹಕ್ಕಿಲ್ಲವಲ್ಲ ಎಂದು ತೋರಿ, ಇನ್ನಷ್ಟು ಸಿಟ್ಟು ಬಂತು.

ಆ ಶಿಷ್ಯನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಉದ್ದ ಕತ್ತು, ಕೊನೆಯ ಬೆಂಚು, ಅಂಕಗಳಲ್ಲಿ ಸಾಧಾರಣ. ಬೇರೆ ಏನೂ ಬರಲಿಲ್ಲ. ಈಗ ನಗರದಲ್ಲೆಲ್ಲ ಅವನ ಹೆಸರು. ಊಟದ ಕೋಣೆಯಲ್ಲಿ ಸಹೋದ್ಯೋಗಿಗಳು ಕೂಡ 'ಡಾಕ್ಟ್ರು' ಎಂದಷ್ಟೇ ಅಂದರೆ ಅವನೇ ಎಂದು ಅರ್ಥ, ಉಳಿದವರೆಲ್ಲ ಕಾಂಪೌಂಡರುಗಳು ಎಂಬಂತೆ. ಇವನು ಮಾತ್ರ ಮನಸ್ಸಿನಲ್ಲಿ ಕೂಡ ಅವನನ್ನು ಶಿಷ್ಯ ಎಂದೇ ಕರೆಯುತ್ತಿದ್ದ. ಅದೊಂದು ಸಣ್ಣ ಆಸರೆಯಾಗಿತ್ತು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಏನು ಹುಡುಕುತ್ತಿದ್ದೇನೆ ಎಂದು ತಿಳಿಯದೆ ಹುಡುಕತೊಡಗಿದ. ಅವಳ ಬೀರು ತೆರೆದ, ಮಡಿಸಿಟ್ಟ ಬಟ್ಟೆಗಳ ನಡುವೆ ಕೈ ಹಾಕಿದ, ಸೋಪಿನ ವಾಸನೆ ಬಡಿದು ನಾಚಿಕೆಯಾಗಿ ಕೈ ತೆಗೆದ. ಕೈಚೀಲಗಳನ್ನು ತಡಕಿದ. ಕೊನೆಗೆ ಅದು ಸಿಕ್ಕಿದ್ದು ಎಲ್ಲೂ ಬಚ್ಚಿಟ್ಟ ಕಡೆಯಲ್ಲ. ನಡುಮನೆಯ ಕಪಾಟಿನಲ್ಲಿ, ಅವನು ದಿನಾ ಕನ್ನಡಕ ಇಡುವ ಜಾಗದಿಂದ ಒಂದು ಗೇಣು ದೂರದಲ್ಲಿ, ನೀಲಿ ರಟ್ಟಿನ ಒಂದು ಕಿರುಪುಸ್ತಕ. ಎಂಟು ತಿಂಗಳಿಂದ ಅದು ಅಲ್ಲೇ ಕೂತಿತ್ತು. ಮೊದಲ ಪುಟದಲ್ಲಿ ಅವಳ ಹೆಸರು, ವಯಸ್ಸು ಐವತ್ತೊಂದು, ಕೆಳಗೆ ವೈದ್ಯರ ಅವಸರದ ಅಕ್ಷರದಲ್ಲಿ: ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದದ್ದು ಒಂದು ಸಲ, ಎರಡು ನಿಮಿಷ. ಆಮೇಲೆ ತಾರೀಖುಗಳು, ರಕ್ತದೊತ್ತಡದ ಅಂಕಿಗಳು. ನೂರೆಪ್ಪತ್ತೆರಡು, ನೂರರವತ್ತು, ನೂರೈವತ್ತೆರಡು, ಹೋಗಹೋಗುತ್ತ ನೂರ ಮೂವತ್ತು, ನೂರ ಇಪ್ಪತ್ತೆಂಟು. ಒಂದೊಂದು ಅಂಕಿಯ ಪಕ್ಕದಲ್ಲೂ ಆ ಶಿಷ್ಯನ ಪುಟ್ಟ ಸಹಿ. ಅಂದರೆ ಅಷ್ಟು ಸಲ ಅವಳು ತೋಳು ಚಾಚಿದ್ದಾಳೆ. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿಕೊಂಡಿದ್ದಾಳೆ. ಮೊಣಕೈಯ ಒಳಮಡಿಕೆಯಲ್ಲಿ, ಅವಳಿಗೊಂದು ಹಳೆಯ ಸುಟ್ಟ ಕಲೆಯಿದೆ ಅಲ್ಲಿ, ಆ ಶಿಷ್ಯ ಎರಡು ಬೆರಳಿಟ್ಟು ನಾಡಿ ಹುಡುಕಿದ್ದಾನೆ. ಆ ಕಲೆಯ ಬಗ್ಗೆ ಕೇಳಿಯೂ ಇರಬಹುದು. ತಾನು ಕೇಳಿದ್ದೆನೇ? ನೆನಪಾಗಲಿಲ್ಲ. ಅವಳು ಬಚ್ಚಲಲ್ಲಿ ಬಿದ್ದ ದಿನ ತಾನೆಲ್ಲಿದ್ದೆ ಎಂದು ತಾರೀಖು ನೋಡಿ ಲೆಕ್ಕ ಹಾಕಿದ. ಭಾನುವಾರ. ಮನೆಯಲ್ಲೇ ಇದ್ದ. ಬಹುಶಃ ಉತ್ತರ ಪತ್ರಿಕೆ ತಿದ್ದುತ್ತಿದ್ದ.

ಅವಳು ಬಿದ್ದದ್ದನ್ನು ಅವನು ಕಣ್ಣಾರೆ ಕಂಡದ್ದು ಒಂದೇ ಸಲ. ಮದುವೆಯಾದ ಹೊಸತು. ನಿವೃತ್ತರಾಗುತ್ತಿದ್ದ ಪ್ರೊಫೆಸರರ ಬೀಳ್ಕೊಡುಗೆ, ಕಿಟಕಿಯಿಲ್ಲದ ಸಭಾಂಗಣ, ಒಂದು ಗಂಟೆ ಎಲ್ಲರೂ ನಿಂತೇ ಇದ್ದರು. ಅವಳು ಅವನ ತೋಳನ್ನು ಮೆಲ್ಲಗೆ ಮುಟ್ಟಿದಳು. ಅವನು ಯಾರದೋ ಜೊತೆ ಮಾತಾಡುತ್ತಿದ್ದವನು ಒಂದು ನಿಮಿಷ ಎಂಬಂತೆ ಕೈ ಎತ್ತಿದ. ಅವಳು ಮಡಿಸಿದ ಬಟ್ಟೆಯ ಹಾಗೆ ಅಲ್ಲೇ ಕುಸಿದಳು. ಜನ ಓಡಿಬಂದರು, ಎತ್ತಿ ಕೂರಿಸಲು ನೋಡಿದರು. ಅವನು ಎಲ್ಲರನ್ನೂ ತಡೆದ. ಎತ್ತಬೇಡಿ, ಇದು ದೇಹವೇ ಮಾಡಿಕೊಳ್ಳೋ ಚಿಕಿತ್ಸೆ, ರಕ್ತ ಕಾಲಲ್ಲಿ ನಿಂತುಬಿಟ್ಟಿದೆ, ಮಲಗಿದ ಕೂಡಲೇ ಮಿದುಳಿಗೆ ವಾಪಸ್ ಬರುತ್ತೆ, ಈಗ ನೋಡ್ತಾ ಇರಿ, ಇಪ್ಪತ್ತು ಸೆಕೆಂಡ್. ಕೈಗಡಿಯಾರ ನೋಡಿದ. ಹದಿನೆಂಟನೆಯ ಸೆಕೆಂಡಿಗೆ ಅವಳು ಕಣ್ಣು ಬಿಟ್ಟಳು. ಯಾರೋ ಚಪ್ಪಾಳೆ ತಟ್ಟಿದರು, ಪ್ರೊಫೆಸರರು ನಕ್ಕು ಅವನ ಬೆನ್ನು ಚಪ್ಪರಿಸಿದರು. ನೆಲದ ಮೇಲಿಂದ ಅವಳು ನೋಡಿದ ನೋಟ ಅವನಿಗೆ ಇವತ್ತಿಗೂ ಸ್ಪಷ್ಟವಾಗಿತ್ತು. ಅದರಲ್ಲಿ ಕೋಪವಿರಲಿಲ್ಲ. ತಾನು ಎಲ್ಲಿದ್ದೇನೆ ಎಂದು ತಿಳಿಯದವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಅವನ ಮುಖವನ್ನೂ ಆ ಮುಖಗಳಲ್ಲೊಂದು ಎಂಬಂತೆ ದಾಟಿಹೋಗಿದ್ದಳು. ಆದರೂ ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಒಂದೇ ಒಂದು ತಪ್ಪು ತೋರಿಸಲಿ ಯಾರಾದರೂ. ಕಿರುಪುಸ್ತಕವನ್ನು ಇದ್ದ ಜಾಗದಲ್ಲೇ, ಇದ್ದ ಕೋನದಲ್ಲೇ ಇಟ್ಟು, ಅವನು ಸಂಜೆ ಕೇಳಬೇಕಾದ ಪ್ರಶ್ನೆಯನ್ನು ಸಿದ್ಧಪಡಿಸಿಕೊಳ್ಳುತ್ತ ಕೂತ.

ಸಂಜೆ ಗ್ರಂಥಾಲಯದ ಮಹಡಿಯ ಸಭಾಂಗಣ ತುಂಬಿತ್ತು. ಕಂಬದ ಹಿಂದೆ, ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ಸಿಕ್ಕಿತು. ಮುಂದಿನ ಸಾಲಿನಲ್ಲಿ ಅವಳ ತುರುಬು ಕಂಡಿತು. ಪಕ್ಕದವಳ ಜೊತೆ ಏನೋ ಹೇಳಿ ನಗುತ್ತಿದ್ದಳು, ಭುಜ ಕುಲುಕುತ್ತಿತ್ತು. ಮನೆಯಲ್ಲಿ ಅವಳು ಭುಜ ಕುಲುಕುವ ಹಾಗೆ ನಕ್ಕು ಎಷ್ಟು ದಿನವಾಯಿತು ಎಂದುಕೊಳ್ಳುವಷ್ಟರಲ್ಲಿ ಶಿಷ್ಯ ಬಂದ. ತಲೆ ನರೆತಿತ್ತು, ಕತ್ತು ಹಾಗೇ ಉದ್ದವಿತ್ತು. ನಮಸ್ಕಾರ ಹೇಳಿದ ಕೂಡಲೇ, "ಎಲ್ಲರೂ ಒಂದು ಸಲ ಎದ್ದು ನಿಂತ್ಕೊಳ್ಳಿ" ಅಂದ. ಇನ್ನೂರು ಕುರ್ಚಿಗಳು ಕಿರುಗುಟ್ಟಿದವು. ಇವನೂ ಏಳಬೇಕಾಯಿತು.

"ಈಗ ನಿಮ್ಮ ಮೈಯಲ್ಲಿರೋ ರಕ್ತದಲ್ಲಿ ಅರ್ಧ ಲೀಟರಿಗೂ ಹೆಚ್ಚು ಕಾಲಿಗೆ ಇಳಿದುಬಿಡ್ತು. ತಲೆಗೆ ರಕ್ತ ಸಾಲದೆ ನೀವೆಲ್ಲ ಈಗ ದೊಪ್ಪಂತ ಬೀಳಬೇಕಿತ್ತು. ಯಾರಾದ್ರೂ ಬಿದ್ರಾ? ಇಲ್ಲ. ಯಾಕೆ ಬೀಳಲಿಲ್ಲ?" ಶಿಷ್ಯ ತನ್ನ ಕತ್ತಿನ ಮೇಲೆ ಬೆರಳಿಟ್ಟುಕೊಂಡ. "ಇಲ್ಲೊಂದು ಕಿವಿ ಇದೆ. ನೀವು ಎದ್ದಿರಿ ಅಂತ ನಿಮಗೇ ಗೊತ್ತಾಗೋಕೆ ಮುಂಚೆ ಇದಕ್ಕೆ ಗೊತ್ತಾಗುತ್ತೆ. ಹೃದಯಕ್ಕೆ ಬೇಗ ಬೇಗ ಅನ್ನುತ್ತೆ. ಕಾಲಿನ ರಕ್ತನಾಳಕ್ಕೆ ಬಿಗಿ ಹಿಡಿ ಅನ್ನುತ್ತೆ. ಇದು ಸೆಕೆಂಡುಗಳ ಕೆಲಸ. ನಿಧಾನದ ಕೆಲಸಕ್ಕೆ ಬೇರೆಯವರಿದ್ದಾರೆ, ಮೂತ್ರಪಿಂಡ ಕೂತು ಉಪ್ಪು ನೀರು ತೂಗ್ತಾ ಇರುತ್ತೆ, ದಿನಗಟ್ಟಲೆ, ವರ್ಷಗಟ್ಟಲೆ. ಇವರೆಲ್ಲ ಒಬ್ಬರಿಗೊಬ್ಬರು ಎದುರಾಡದೆ, ಒಂದೇ ಅಂಕಿಯ ಸುತ್ತ ಕೆಲಸ ಮಾಡ್ತಾರೆ. ಆ ಅಂಕಿ ಇಟ್ಟವರು ಯಾರು? ನೀವು ಕೇಳದೇನೇ, ನೀವು ಬೀಳೋಕೆ ಮುಂಚೆ, ನಿಮ್ಮನ್ನ ಹಿಡಿದವರು ಯಾರು?"

ಅವಳು ತನ್ನ ಕತ್ತಿನ ಮೇಲೆ ಬೆರಳಿಟ್ಟುಕೊಂಡಿದ್ದಳು. ಹಿಂದಿನಿಂದ ಮೊಣಕೈ ಮಾತ್ರ ಕಾಣುತ್ತಿತ್ತು. ಆ ವಾಕ್ಯ ಎಷ್ಟು ಅಗ್ಗದ್ದು, ಎಷ್ಟು ಸುಲಭದ್ದು! ಅಷ್ಟು ಸುಲಭದ ವಾಕ್ಯವನ್ನು ತಾನು ಒಮ್ಮೆಯಾದರೂ ಆಡಿದ್ದರೆ? ಮೂವತ್ತರ ಆಸುಪಾಸಿನಲ್ಲಿ, ಸೂಕ್ಷ್ಮದರ್ಶಕದಡಿ ಮೂತ್ರಪಿಂಡದ ಒಂದು ತೆಳುಪದರವನ್ನು ನೋಡುತ್ತಿದ್ದಾಗ, ಕೊಳವೆಯೊಂದು ಸುತ್ತಿ ಬಳಸಿ ತಾನು ಹುಟ್ಟಿದ ರಕ್ತನಾಳದ ಬಾಯಿಗೇ ಮರಳಿ ತಾಗಿ, ಎಷ್ಟು ಹರಿಯಿತು ಎಂದು ವರದಿ ಒಪ್ಪಿಸುವ ಆ ಜಾಗ ಕಂಡಾಗ, ಅವನಿಗೂ ಏನೋ ಆಗಿತ್ತು. ಕಣ್ಣು ಮಂಜಾಗಿತ್ತು. ಯಾರನ್ನಾದರೂ ಕರೆದು ತೋರಿಸಬೇಕು ಅನ್ನಿಸಿತ್ತು. ಅವಳನ್ನೇ. ಆದರೆ ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನಿಂತಿದ್ದರು. ಅವನು ಕಣ್ಣೊರೆಸಿಕೊಂಡು, ಮಸೂರ ಧೂಳಾಗಿದೆ ಅಂದಿದ್ದ. ಶಿಷ್ಯನ ಮೇಲಿನ ಹೊಟ್ಟೆಕಿಚ್ಚು ಹೆಸರಿನದಲ್ಲ, ಚಪ್ಪಾಳೆಯದೂ ಅಲ್ಲ, ಬಹುಶಃ ಅವಳದೂ ಪೂರ್ತಿಯಾಗಿ ಅಲ್ಲ. ಎಲ್ಲರೆದುರು ಕಣ್ಣು ಮಂಜಾಗಿಸಿಕೊಂಡು ನಿಲ್ಲಬಲ್ಲ ಅವನ ಆ ನಾಚಿಕೆಗೇಡಿತನದ್ದು.

ಎಲ್ಲರೂ ಕೂತು, ಭಾಷಣ ಮುಗಿದು, ಪ್ರಶ್ನೆಗಳಿವೆಯೇ ಎಂದಾಗ ಎದ್ದು ನಿಂತ. ಅವಳು ಹಿಂದಕ್ಕೆ ತಿರುಗಿ ನೋಡಿದಳು. ಅವನನ್ನು ಕಂಡ ಕೂಡಲೇ ಆ ಮುಖದಲ್ಲಿ ಇದ್ದ ನಗೆ ದೀಪ ಆರಿಸಿದಂತೆ ಹೋದದ್ದನ್ನು ನೋಡಿದ. ನೋಡಿಯೂ ಶುರು ಮಾಡಿದ.

"ನೀವು ಹೇಳಿದ ಕಿವಿಗೆ ಒಂದು ದೋಷ ಇದೆ. ಒತ್ತಡ ಏರಿ ಕೆಲವು ದಿನ ಹಾಗೇ ನಿಂತರೆ, ಅದು ದೂರು ಕೊಡೋದನ್ನ ನಿಲ್ಲಿಸುತ್ತೆ. ಏರಿದ ಒತ್ತಡವನ್ನೇ ಸರಿ ಅಂತ ಒಪ್ಪಿಕೊಳ್ಳುತ್ತೆ. ಆಮೇಲೆ ಯಾರಾದ್ರೂ ಇಳಿಸೋಕೆ ಹೋದರೆ ಅದನ್ನೇ ತಡೆಯುತ್ತೆ. ಮನೆಗೆ ಕಳ್ಳ ಬಂದು ವಾರ ಇದ್ದರೆ ಅವನನ್ನೇ ಯಜಮಾನ ಅನ್ನೋ ಕಾವಲುಗಾರ. ಇಂಥ ಕಾವಲುಗಾರನನ್ನ ಇಟ್ಟವನು ಎಲ್ಲಾ ಬಲ್ಲವನು ಅಂತ ಹೇಗೆ ಹೇಳ್ತೀರಿ?"

ಒಳ್ಳೆಯ ಪ್ರಶ್ನೆ. ಮಧ್ಯಾಹ್ನವೆಲ್ಲ ಮಸೆದದ್ದು. ಅಲ್ಲಲ್ಲಿ ಜನ ತಿರುಗಿ ನೋಡಿದರು. ಶಿಷ್ಯ ಕಣ್ಣು ಕಿರಿದು ಮಾಡಿ ಕಂಬದ ಕಡೆ ನೋಡಿದ. ಆಮೇಲೆ ವೇದಿಕೆಯಿಂದ ಇಳಿದು ಎರಡು ಹೆಜ್ಜೆ ಮುಂದೆ ಬಂದ. "ಸರ್! ನೀವಾ?" ಸಭೆಗೆ ತಿರುಗಿ ಹೇಳಿದ: "ಇವರು ನನ್ನ ಮೇಷ್ಟ್ರು. ಈಗ ನಿಮ್ಮನ್ನೆಲ್ಲ ಎದ್ದು ನಿಲ್ಲಿಸಿದೆನಲ್ಲ, ಅದು ನಂದಲ್ಲ, ಇವರದು. ಮೊದಲನೇ ವರ್ಷ ಇವರ ಕ್ಲಾಸು. ನಮ್ಮಪ್ಪ ತೀರಿಕೊಂಡು ಹದಿನೈದು ದಿನ ಆಗಿತ್ತು. ಓದು ಬಿಟ್ಟು ಹೋಗಿಬಿಡೋಣ ಅಂತ ಕೂತಿದ್ದೆ. ಇವರು ಎಲ್ಲರೂ ನಿಂತ್ಕೊಳ್ಳಿ ಅಂದ್ರು. ನಿಂತೆ. ನೀನು ಯಾಕೆ ಬೀಳಲಿಲ್ಲ ಗೊತ್ತಾ ಅಂತ ಕೇಳಿದ್ರು. ನನ್ನನ್ನೇ ಕೇಳಿದ ಹಾಗಾಯ್ತು. ದೇವರು ಅಂತ ಒಬ್ಬ ಇದಾನೆ ಅಂತ ನಂಗೆ ಅನ್ನಿಸಿದ್ದು ಅವತ್ತು, ಇವರ ಬಾಯಿಂದ." ಇವನ ಕಡೆ ತಿರುಗಿ, "ನಿಮ್ಮ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ ಸರ್. ಹುಡುಕ್ತಾ ಇದೀನಿ" ಅಂದ.

ಜನ ಚಪ್ಪಾಳೆ ತಟ್ಟಿದರು. ಉತ್ತರವಿಲ್ಲ ಎಂದದ್ದಕ್ಕೆ ಚಪ್ಪಾಳೆ. ಅಟೆಂಡರ್ ಎಲ್ಲಿಂದಲೋ ಎದ್ದು ನಿಂತು, "ನಮ್ಮ ಸಾರು!" ಎಂದು ಕೂಗಿದ. ಇವನಿಗೆ ಆ ಕ್ಲಾಸು ನೆನಪಿತ್ತು, ಅಥವಾ ಆ ತರಹದ ಕ್ಲಾಸುಗಳು. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಊಟವಾದ ಮೇಲಿನ ತರಗತಿಯಲ್ಲಿ ಹುಡುಗರು ತೂಕಡಿಸುತ್ತಿದ್ದರು. ಎಬ್ಬಿಸುವುದಕ್ಕೆ ಎದ್ದು ನಿಲ್ಲಿ ಅನ್ನುತ್ತಿದ್ದ, ಅಷ್ಟೆ. ಆಮೇಲೆ ಅದೂ ಬೇಸರವಾಗಿ ಬಿಟ್ಟಿದ್ದ. ಹಾಗಾದರೆ ಅವನ ಬಾಯಿಂದ ಹೊರಟದ್ದು ಅವನಿಗೆ ಮುಟ್ಟದೆ, ಕೊನೆಯ ಬೆಂಚಿಗೆ ಹೋಗಿ ಅಲ್ಲಿ ಮರವಾಗಿ ಬೆಳೆದಿದೆ. ಆ ಮರದ ನೆರಳಲ್ಲಿ ಈಗ ಅವನ ಹೆಂಡತಿ ಕೂತಿದ್ದಾಳೆ. ಗೌರವದಿಂದಲೇ ಹೊಡೆದಂತೆ ಆಯಿತು. ಅವಮಾನ ಮಾಡಿದ್ದರೆ ತಿರುಗಿ ಹೇಳಲು ಮಾತಿತ್ತು. ಅವನು ಕುರ್ಚಿಯ ಬೆನ್ನು ಹಿಡಿದು ಕೂತ.

ಮನೆಗೆ ನಡೆದೇ ಬಂದರು. ಅಂಗಡಿಗಳ ದೀಪ ಹೊತ್ತಿಕೊಳ್ಳುತ್ತಿತ್ತು. ಅವಳು ಯಾವಾಗಲೂ ನಡೆಯುವ ಹಾಗೆ ಅರ್ಧ ಹೆಜ್ಜೆ ಹಿಂದೆ ಇದ್ದಳು. ಈ ಅರ್ಧ ಹೆಜ್ಜೆ ಯಾವಾಗಿನಿಂದ ಶುರುವಾಯಿತು ಎಂದು ಯೋಚಿಸಿ, ನಿಧಾನ ಮಾಡಿದ. ಅವಳೂ ನಿಧಾನ ಮಾಡಿದಳು.

"ಬಚ್ಚಲಲ್ಲಿ ಬಿದ್ದಿದ್ಯಂತೆ," ಅಂದ.

"ಹೂಂ."

"ಹೇಳಲಿಲ್ಲ."

"ಎದ್ದೆನಲ್ಲ."

ಮನೆಯ ಬೀಗ ತೆಗೆದು, ಚಪ್ಪಲಿ ಕಳಚಿ, ಅವಳು ಇನ್ನೂ ಚೀಲ ಕೆಳಗಿಡುವ ಮುಂಚೆಯೇ ಅವನು ಒಳಗಿನಿಂದ ತನ್ನ ಹಳೆಯ ಪಾದರಸದ ಯಂತ್ರವನ್ನು ತಂದು ಮೇಜಿನ ಮೇಲಿಟ್ಟ. ಶಿಷ್ಯಂದಿರಿಗೆ ಕಲಿಸಿದ ಯಂತ್ರ. "ಕೂತ್ಕೋ, ನೋಡೋಣ" ಅಂದ. ಅವಳು ಒಂದು ಕ್ಷಣ ಅವನನ್ನೂ ಯಂತ್ರವನ್ನೂ ನೋಡಿ ಕೂತಳು. ತೋಳು ಚಾಚಿದಳು. ಪಟ್ಟಿ ಸುತ್ತಿದ. ಸುಟ್ಟ ಕಲೆಯ ಪಕ್ಕ ಬೆರಳಿಟ್ಟ; ನಾಡಿ ಅವಸರದಲ್ಲಿತ್ತು. ಗಾಳಿ ತುಂಬಿ, ಮೆಲ್ಲಗೆ ಬಿಡುತ್ತ ಸ್ಟೆತಸ್ಕೋಪಿನಲ್ಲಿ ಕಿವಿಗೊಟ್ಟ. ಮೊದಲ ಸದ್ದು ನೂರೆಪ್ಪತ್ತಾರಕ್ಕೆ ಬಂತು. ತಾನು ತಪ್ಪು ಕೇಳಿಸಿಕೊಂಡೆ ಎಂದು ಪೂರ್ತಿ ಗಾಳಿ ಬಿಟ್ಟು, ಮತ್ತೆ ತುಂಬಿದ. ನೂರೆಂಬತ್ತು. ಒಳಗೆಲ್ಲೋ ಒಂದು ನೀಚ ಸಂತೋಷ ಚಿಗುರಿದ್ದು ಅವನಿಗೆ ಗೊತ್ತಾಯಿತು: ನೋಡಿ, ನಿಮ್ಮ ಡಾಕ್ಟ್ರು ಇಳಿಸಿದ್ದು ಇಷ್ಟೇ.

"ಇವನೇನು ಔಷಧಿ ಕೊಡ್ತಿದಾನೆ? ನೂರೆಂಬತ್ತಿದೆ. ಪುಸ್ತಕದಲ್ಲಿ ನೂರ ಇಪ್ಪತ್ತೆಂಟು ಅಂತ ಬರೆದಿದಾನೆ."

ಅವಳು ಪುಸ್ತಕ ನೋಡಿದಿರಾ ಎಂದು ಕೇಳಲಿಲ್ಲ. ತೋಳಿನ ಪಟ್ಟಿಯನ್ನು ನೋಡುತ್ತ ಹೇಳಿದಳು: "ಅಲ್ಲಿ ಅಷ್ಟೇ ಇರುತ್ತೆ. ಇಲ್ಲಿ ಒಬ್ಬಳೇ ಇದ್ದಾಗ ನೋಡ್ಕೊಂಡ್ರೂ ಅಷ್ಟೇ ಇರುತ್ತೆ. ಒಂದು ಸಣ್ಣ ಮೆಷಿನ್ ತಗೊಂಡಿದೀನಿ."

"ಮತ್ತೆ ಈಗ?"

"ಡಾಕ್ಟ್ರು ಕೇಳಿದ್ರು, ಮನೇಲಿ ನೋಡೋಕೆ ಯಾರಿದಾರೆ ಅಂತ. ನಮ್ಮನೆಯವರಿಗೆ ಬರುತ್ತೆ ಅಂದೆ. ಹಾಗಾದ್ರೆ ಒಳ್ಳೇದೇ ಆಯ್ತು, ಅವರ ಕೈಲೇ ನೋಡಿಸ್ಕೊಳ್ಳಿ ಅಂದ್ರು. ನಾನು ಬೇಡ ಅಂದೆ." ಅವಳ ದನಿಯಲ್ಲಿ ದೂರಿರಲಿಲ್ಲ. ಅಂಕಿ ಓದಿ ಹೇಳುವವಳ ದನಿ. "ನೀವು ಹತ್ರ ಬಂದ್ರೆ ಏನೋ ತಪ್ಪು ಕಂಡುಹಿಡೀತೀರಿ ಅನ್ನಿಸುತ್ತೆ. ಬೇಕಂತ ಅಲ್ಲ. ಮನಸ್ಸು ಇಲ್ಲ ಅನ್ನುತ್ತೆ, ಮೈ ಕೇಳಲ್ಲ. ಎಷ್ಟು ವರ್ಷದಿಂದ ಹೀಗೋ, ನಂಗೇ ಗೊತ್ತಿಲ್ಲ."

ಅವನು ಪಾದರಸದ ಕಂಬವನ್ನೇ ನೋಡುತ್ತಿದ್ದ. ಏರಿದ್ದನ್ನೇ ಸರಿಯೆಂದು ಒಪ್ಪಿಕೊಂಡದ್ದರ ಬಗ್ಗೆ ಎರಡು ಗಂಟೆಯ ಹಿಂದೆ ಇನ್ನೂರು ಜನರೆದುರು ಎಷ್ಟು ಚೆನ್ನಾಗಿ ಮಾತಾಡಿದ್ದ! ಹೇಳಲು ಬಾಯಿ ತೆರೆದ. ಬಂದದ್ದು ವಿವರಣೆಗಳೇ: ಆತಂಕದಲ್ಲಿ ಅಡ್ರಿನಲಿನ್, ರಕ್ತನಾಳಗಳ ಸಂಕೋಚ, ಇದೇನೂ ಹೊಸತಲ್ಲ, ಪುಸ್ತಕಗಳಲ್ಲಿದೆ. ಬಾಯಿ ಮುಚ್ಚಿದ. ಬಗ್ಗಿ ಪಟ್ಟಿಯನ್ನು ಬಿಚ್ಚಿದ. ಬಿಚ್ಚುವಾಗ ಅವಳ ತೋಳು ಒಂದಿಷ್ಟು ಬಿಗಿಯಾದದ್ದು ಬೆರಳಿಗೆ ಗೊತ್ತಾಯಿತು. ಎಲ್ಲ ವರ್ಷ ಹೀಗೇ ಬಿಗಿಯಾಗುತ್ತಿತ್ತು ಬಹುಶಃ. ಮುಟ್ಟಿದವನು ತಾನೇ ಆದ್ದರಿಂದ, ಅವಳ ತೋಳು ಇರುವುದೇ ಹೀಗೆ ಎಂದುಕೊಂಡಿದ್ದ.

"ನಿನ್ನ ಮೆಷಿನ್ ಎಲ್ಲಿದೆ?" ಎಂದು ಕೇಳಿದ.

ಅವಳು ಚೀಲದಿಂದ ತೆಗೆದಳು. ಅಂಗೈಯಗಲದ ಬಿಳಿ ಪೆಟ್ಟಿಗೆ. ಇಂಥ ಯಂತ್ರಗಳನ್ನು ಅವನು ತರಗತಿಯಲ್ಲಿ ಆಟಿಕೆ ಎಂದು ಹೀಯಾಳಿಸುತ್ತಿದ್ದ. "ನಾನು ಹೊರಗೆ ಇರ್ತೀನಿ. ಐದು ನಿಮಿಷ ಸುಮ್ನೆ ಕೂತು ನೋಡ್ಕೋ" ಅಂದು, ನಡೆದು, ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡ.

ಮೊಗಸಾಲೆಯಲ್ಲಿ ನಿಂತ. ಎದುರಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ತನ್ನ ಕಾಲುಗಳಿಗೆ ರಕ್ತ ಇಳಿಯುತ್ತಿರಬೇಕು, ಕತ್ತಿನ ಕವಲಲ್ಲಿ ವರದಿ ಹೊರಟಿರಬೇಕು, ತಾನು ಬೀಳದೆ ನಿಂತಿದ್ದೇನೆ. ಹೀಗೆ ಹಿಡಿದುಕೊಂಡವನು ಯಾವನಾದರೂ ಇದ್ದರೆ, ಅವನ ಹತ್ತಿರ ಏನು ಕೇಳಬೇಕು? ನಾಚಿಕೆಯಾಯಿತು, ಆದರೂ ಕೇಳಿದ. ಅಂಕಿ ಕೆಳಗೆ ಬರಲಿ ಎಂದು ಕೇಳಿದ. ಕೇಳಿದ ಕೂಡಲೇ ಅದರ ಅರ್ಥ ಹೊಳೆಯಿತು. ಅದು ಕೆಳಗೆ ಬಂದರೆ, ತಾನು ಹೊರಗಿದ್ದುದರಿಂದ ಬಂತು ಎಂದೇ ಅರ್ಥ. ಬರದೆ ಹೋದರೆ ಅವಳಿಗೆ ಕೇಡು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಒಂದು ಕ್ಷಣ ತಡವಾಯಿತು. ಆ ಕ್ಷಣವನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ. ಆಮೇಲೆ ಮತ್ತೆ ಕೇಳಿದ, ಬರಲಿ ಎಂದು.

ಒಳಗೆ ಯಂತ್ರ ಗುಂಯ್ಗುಟ್ಟಿ, ನಿಂತು, ಪೀಪ್ ಅಂದಿತು.

"ನೂರ ಮೂವತ್ತನಾಲ್ಕು," ಅಂದಳು ಅವಳು, ಬಾಗಿಲಿನ ಆಚೆಯಿಂದ. "ಕೆಳಗಿನದು ಎಂಬತ್ತಾರು."

"ಒಳ್ಳೇದು," ಅಂದ. "ಔಷಧಿ ಸರಿಯಾಗೇ ಕೊಟ್ಟಿದಾರೆ ಡಾಕ್ಟ್ರು."

ಒಳಗಿನಿಂದ ಪಟ್ಟಿ ಬಿಚ್ಚುವ ಚರ್ ಸದ್ದು, ಕುರ್ಚಿ ಸರಿದ ಸದ್ದು. ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಈ ಮನೆಯಲ್ಲಿ ಇಪ್ಪತ್ತೇಳು ವರ್ಷದಿಂದ ಯಾವ ಬಾಗಿಲನ್ನೂ ಕೇಳಿ ತೆರೆದವನಲ್ಲ.

"ಒಳಗೆ ಬರಲಾ?" ಎಂದು ಕೇಳಿದ.

ಅವಳು ಬೇಸರವೂ ಅಲ್ಲದ ಪ್ರೀತಿಯೂ ಅಲ್ಲದ, ಮೊದಲ ಸಲ ಅವನೊಡನೆ ಯೋಚಿಸಿ ಆಡಿದಂತಿದ್ದ ದನಿಯಲ್ಲಿ ಹೇಳಿದಳು:

"ಇನ್ನೊಂದೈದು ನಿಮಿಷ ಬಿಟ್ಟು ಬನ್ನಿ."

ಅವನು ಹಿಡಿಯಿಂದ ಕೈ ತೆಗೆದು, ಗಡಿಯಾರ ನೋಡದೆ, ನಿಂತುಕೊಂಡ.